ಒಂದೆಲಗ ಹಳದಿ ಆಗ್ತಿದೆ, ಬೋರ್‌ವೆಲ್ ನೀರಿನ ಕಾಟವಾ?

ಪ್ರಶ್ನೆ (ಜಯನಗರ):
ಪೂರ್ವ ದಿಕ್ಕಿನ ಬಾಲ್ಕನಿ, 12 ಇಂಚಿನ ಕುಂಡ, ಬೋರ್‌ವೆಲ್ ನೀರು. ಒಂದೆಲಗದ ಹೊಸ ಚಿಗುರೇ ಹಳದಿ, ನರ ಮಾತ್ರ ಹಸಿರು. ಎಲೆ ಎಂಟಾಣೆಯಷ್ಟೂ ಅಗಲ ಆಗ್ತಿಲ್ಲ. ಎರೆಗೊಬ್ಬರ ಎರಡು ಸಲ ಹಾಕಿದ್ದಾಯ್ತು. ಪಕ್ಕದಲ್ಲಿರೋ ಚಕ್ರಮುನಿ ಸೊಂಪಾಗಿದೆ. ಅದರ ಎಲೆ ಜ್ಯೂಸ್ ಮಾಡಿ ಕುಡಿಯಬಹುದಾ?

ಉತ್ತರ 1:
ಹಳೇ ಎಲೆ ಹಳದಿಯಾದ್ರೆ ಸಾರಜನಕ ಸಾಲದು. ಚಿಗುರು ಹಳದಿ, ನರ ಹಸಿರು ಅಂದ್ರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತೆ, ಗಡಸು ನೀರಿಂದ ಮಣ್ಣು ಕ್ಷಾರವಾಗಿ ಬೇರಿಗೆ ಸಿಗಲ್ಲ ಅಷ್ಟೆ. ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟಿದ್ಯಾ ನೋಡಿ. ಕಟ್ಟಿದ್ರೆ ಎರೆಗೊಬ್ಬರ ಎಷ್ಟು ಸುರಿದರೂ ದಂಡ. ಮಳೆನೀರು ಹಿಡಿದು ಹಾಕಿ, ಅದೇ ಒಳ್ಳೇದು. ಇಲ್ಲದಿದ್ರೆ ಇಡಿಡಿಎಚ್ಎ ಚಿಲೇಟೆಡ್ ಐರನ್ (ಕ್ಷಾರ ಮಣ್ಣಲ್ಲೂ ಬೇರಿಗೆ ಸಿಗೋ ಕಬ್ಬಿಣದ ಗೊಬ್ಬರ), ಲೀಟರ್ ನೀರಿಗೆ ಅರ್ಧ ಗ್ರಾಂ, ಬುಡಕ್ಕೆ ಮಾತ್ರ. ಹಸಿಯಾಗಿ ತಿನ್ನೋ ಸೊಪ್ಪು, ಎಲೆ ಮೇಲೆ ಸಿಂಪಡಿಸಬೇಡಿ. ಹಳದಿ ಎಲೆ ಹಸಿರಾಗಲ್ಲ, ಮುಂದಿನ ಚಿಗುರು ನೋಡಿ ಲೆಕ್ಕ ಹಾಕಿ.

ಕುಂಡವೂ ತಪ್ಪು. ಇದು ಹರಿದಾಡೋ ಗಿಡ, ಆಳ ಬೇಡ, ಅಗಲ ಬೇಕು. ಒಂದೂವರೆ ಅಡಿ ಅಗಲದ, 6 ಇಂಚು ಆಳದ ಟ್ರೇ ಸಾಕು. ಕೆಂಪು ಮಣ್ಣು ಎರಡು ಪಾಲು, ಕಾಂಪೋಸ್ಟ್ ಒಂದು, ತೊಳೆದ ಕೋಕೋಪೀಟ್ ಒಂದು. ಬಳ್ಳಿಯ ಗೆಣ್ಣನ್ನ ತೆಂಗಿನ ಕಡ್ಡಿ ಬಗ್ಗಿಸಿ ಮಣ್ಣಿಗೆ ಒತ್ತಿ ಚುಚ್ಚಿದ್ರೆ ಎರಡು ವಾರದಲ್ಲಿ ಬೇರು ಬಿಡುತ್ತೆ.

ಉತ್ತರ 2:
ಮೊದಲು ಅದು ಒಂದೆಲಗ ತಾನೇ ಅಂತ ನೋಡ್ಕೊಳ್ಳಿ ಸಾರ್. ತೊಟ್ಟು ಎಲೆಯ ನಡುವೆ ಸೇರಿ ಕೊಡೆ ಥರ ಇದ್ರೆ ಅದು ಅಲಂಕಾರದ ಗಿಡ. ಒಂದೆಲಗದ ಎಲೆ ಮೂತ್ರಪಿಂಡದ ಆಕಾರ, ತೊಟ್ಟು ಸೇರೋ ಕಡೆ ಸೀಳು. ಒಂದೆಲಗಕ್ಕೆ ಬ್ರಾಹ್ಮಿ ಅಂತಲೂ ಅಂತಾರೆ, ಹಾಗೆ ಕೇಳಿದ್ರೆ ಕೆಲವರು ನೀರುಬ್ರಾಹ್ಮಿ ಕೊಡ್ತಾರೆ, ಅದರದ್ದು ಸಣ್ಣ ದಪ್ಪ ಎಲೆ, ಬೇರೇನೇ ಗಿಡ. ಗಾಂಧಿ ಬಜಾರಲ್ಲಿ ಬೇರು ಸಮೇತದ ಕಟ್ಟು ಸಿಕ್ಕಿದ್ರೆ ಅದನ್ನೇ ನೆಡಿ. ಕೆರೆಯಂಚಿಂದ ಕಿತ್ತು ತಿನ್ನೋದು ಬೇಡ, ನಮ್ಮ ಕೆರೆಗಳಿಗೆ ಏನೇನು ಹರಿಯುತ್ತೆ ಗೊತ್ತಲ್ಲ.

ಒಂದೆಲಗದ ತಂಬುಳಿಗೆ 25 ಎಲೆ, ಅರ್ಧ ಚಮಚ ಜೀರಿಗೆ, 6 ಕಾಳುಮೆಣಸು, ಒಂದು ಚಮಚ ತುಪ್ಪ. ಜೀರಿಗೆ ಸಿಡಿದ ಮೇಲೆ ಎಲೆ ಹಾಕಿ, ಬಾಡಿದ ಕೂಡಲೇ ಇಳಿಸಿ. ಹೆಚ್ಚು ಹುರಿದ್ರೆ ಕಪ್ಪಾಗಿ ಕಹಿ ಆಗುತ್ತೆ. ತಣ್ಣಗಾದ ಮೇಲೆ ಕಾಲು ಕಪ್ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಒಂದು ಕಪ್ ಗಟ್ಟಿ ಮಜ್ಜಿಗೆಗೆ ಬೆರೆಸಿ. ಕುದಿಸಿದ್ರೆ ಒಡೆಯುತ್ತೆ.

ಉತ್ತರ 3:
ಚಕ್ರಮುನಿ ಜ್ಯೂಸ್ ಖಂಡಿತ ಬೇಡ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸೋಕೆ ಇದರ ಹಸಿ ರಸ ದಿನಾ ಕುಡಿದ ಎಷ್ಟೋ ಜನರ ಶ್ವಾಸಕೋಶದ ಸಣ್ಣ ನಾಳಗಳು ವಾಪಸ್ ಸರಿಹೋಗದಷ್ಟು ಹಾಳಾದವು. ಪಲ್ಯಕ್ಕೋ ಹುಳಿಗೋ ಬೇಯಿಸಿ, ಅದೂ ವಾರಕ್ಕೊಮ್ಮೆ ಒಂದು ಹಿಡಿ. ಮೂರು ಅಡಿ ದಾಟಿದಾಗ ತುದಿ ಚಿವುಟಿ, ಪಕ್ಕದಲ್ಲಿ ಕವಲೊಡೆಯುತ್ತೆ.