ಕಂದು ಜಿಗಿಹುಳು ಬಂದರೂ ಪಕ್ಕದ ಗದ್ದೆ ಉಳಿದದ್ದು ಹೇಗೆ?

ಪ್ರಶ್ನೆ: ಬೈಲುಗದ್ದೆ, ಬ್ರಹ್ಮಾವರ

ನಮಸ್ಕಾರ. ಕಳೆದ ಏಣೆಲಿನಲ್ಲಿ (ಮಳೆಗಾಲದ ಬೆಳೆಯಲ್ಲಿ), ತೆನೆ ಹಾಲು ಕಟ್ಟುವ ಹೊತ್ತಿಗೆ, ನಮ್ಮ ಬೈಲು ಗದ್ದೆಗೆ ಕಂದು ಜಿಗಿಹುಳು ಬಿದ್ದು ಪೈರು ಅಲ್ಲಲ್ಲಿ ಚಕ್ರಾಕಾರವಾಗಿ, ಬೆಂಕಿ ತಗುಲಿದಂತೆ ಒಣಗಿತು. ಒಂದೇ ಹುಣಿಯ ಆಚೆ ನೆರೆಯವರು ಹಾಕಿದ್ದ ಎಂಒ-4 ಭತ್ತದ ಬುಡದಲ್ಲಿಯೂ ಹುಳುಗಳಿದ್ದವು, ಆದರೆ ಆ ಗದ್ದೆ ಕೊಯ್ಲಿನವರೆಗೂ ನಿಂತಿತು. ಗಿಡದೊಳಗೆ ಏನು ನಡೆಯುವುದರಿಂದ ಈ ವ್ಯತ್ಯಾಸ ಬರುತ್ತದೆ ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ 1: ಸಸ್ಯಶಾಸ್ತ್ರ ಉಪನ್ಯಾಸಕಿ, ಮಂಗಳೂರು

ಜಿಗಿಹುಳು ಎಲೆಯನ್ನು ಕಡಿಯುವುದಿಲ್ಲ. ಸೂಜಿಯಂಥ ಬಾಯಿಯನ್ನು ಕಾಂಡದೊಳಗೆ ತೂರಿಸಿ, ಸಕ್ಕರೆ ಹರಿಯುವ ಫ್ಲೋಯಂ ನಾಳವನ್ನು ಹುಡುಕಿ, ಜೊಲ್ಲನ್ನು ಒಳಗೆ ಬಿಡುತ್ತಾ ರಸವನ್ನು ಹೀರುತ್ತದೆ. ಗಾಯ ತೀರಾ ಸಣ್ಣದಾದ್ದರಿಂದ ಗಿಡವು ಶತ್ರುವನ್ನು ಮುಖ್ಯವಾಗಿ ಆ ಜೊಲ್ಲಿನಿಂದಲೇ ಗುರುತಿಸಬೇಕಾಗುತ್ತದೆ.

ಇಲ್ಲಿಯೇ ಜೀನ್‌ಗಳ ಕೆಲಸ ಆರಂಭವಾಗುತ್ತದೆ. ಉದಾಹರಣೆಗೆ, ಒರೈಜಾ ಅಫಿಸಿನಾಲಿಸ್ ಎಂಬ ಕಾಡುಭತ್ತದಿಂದ ಬಂದ ಬಿಪಿಎಚ್14 ಎಂಬ ಜೀನನ್ನು ಚೀನಾದ ವುಹಾನ್ ವಿಶ್ವವಿದ್ಯಾಲಯದ ತಂಡವು 2009ರಲ್ಲಿ ಬೇರ್ಪಡಿಸಿತು. ಅದು ಜೀವಕೋಶದೊಳಗೆ ಕಾವಲುಗಾರನಂತಿರುವ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಹುಳುವಿನ ಜೊಲ್ಲಿನ ಒಂದು ನಿರ್ದಿಷ್ಟ ಪ್ರೋಟೀನು ಇದಕ್ಕೆ ತಗುಲಿದೊಡನೆ ಸ್ಯಾಲಿಸಿಲಿಕ್ ಆಮ್ಲವೆಂಬ ಸಂಕೇತ ರಾಸಾಯನಿಕದ ಮೂಲಕ ಎಚ್ಚರಿಕೆ ಹರಡಿ, ಫ್ಲೋಯಂ ನಾಳದ ಜರಡಿಯಂಥ ರಂಧ್ರಗಳಲ್ಲಿ ಕ್ಯಾಲೋಸ್ ಎಂಬ ಅಂಟುಪದಾರ್ಥ ಶೇಖರವಾಗಿ ರಸದ ಹರಿವು ಕಟ್ಟುತ್ತದೆ. ಹುಳು ಬಾಯಿ ಚುಚ್ಚಿ ಕುಳಿತರೂ ಅದಕ್ಕೆ ಹೊಟ್ಟೆತುಂಬ ಸಿಗುವುದಿಲ್ಲ. ನಿರೋಧವಿಲ್ಲದ ತಳಿಯೂ ಕ್ಯಾಲೋಸ್ ಹಾಕುತ್ತದೆ, ಆದರೆ ಅಲ್ಲಿ ಅದನ್ನು ಕರಗಿಸುವ ಕಿಣ್ವವೂ ಚುರುಕಾಗುವುದರಿಂದ ನಾಳ ಮತ್ತೆ ತೆರೆದುಕೊಳ್ಳುತ್ತದೆ.

ನನಗೆ ಅತ್ಯಂತ ಸೊಗಸಾಗಿ ಕಾಣುವುದು 2023ರಲ್ಲಿ ಪ್ರಕಟವಾದ ಸಂಗತಿ. ಬಿಪಿಎಚ್14 ಇರುವ ಗಿಡವು ಜೊಲ್ಲಿನ ಆ ಪ್ರೋಟೀನನ್ನು ಬಳಿಕ ತಾನೇ ಒಡೆದುಹಾಕುವುದರಿಂದ ಹುಳು ಹೀರುವುದನ್ನು ನಿಲ್ಲಿಸಿದ ಮೇಲೆ ರಕ್ಷಣೆಯೂ ತಣಿಯುತ್ತದೆ, ಬೆಳವಣಿಗೆ ಕುಂಠಿತವಾಗುವುದಿಲ್ಲ.

ಉತ್ತರ 2: ನಿವೃತ್ತ ಕೃಷಿ ಅಧಿಕಾರಿ, ಕುಂದಾಪುರ

ಮೇಡಂ ಅವರು ಹೇಳಿದ್ದು ಸರಿ. ಆದರೆ ಒಂದೇ ಜೀನನ್ನು ನಂಬಿ ಕೂರುವುದು ಅಪಾಯ ಎಂಬ ಮಾತನ್ನೂ ಸೇರಿಸಲೇಬೇಕು. ಬಿಪಿಎಚ್1 ಜೀನ್ ಇದ್ದ ಐಆರ್26 ತಳಿಯನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1973ರಲ್ಲಿ ಬಿಡುಗಡೆ ಮಾಡಿತು. ಕೆಲವೇ ವರ್ಷಗಳಲ್ಲಿ ಆ ತಡೆಯನ್ನು ಮೀರಬಲ್ಲ ಹುಳುಗಳು ಹೆಚ್ಚಿ ತಳಿ ಸೋತಿತು. ನಮ್ಮ ನೆರೆಯ ಕೇರಳದ ಪಟ್ಟಾಂಬಿಯ ಪಿಟಿಬಿ33 ತಳಿ ಬಹುಕಾಲ ಗಟ್ಟಿಯಾಗಿ ನಿಂತದ್ದಕ್ಕೆ ಅದರಲ್ಲಿ ಒಂದಕ್ಕಿಂತ ಹೆಚ್ಚು ನಿರೋಧಕ ಜೀನ್‌ಗಳಿರುವುದೇ ಮುಖ್ಯ ಕಾರಣ. ಎಂಒ-4 ಕೂಡ ಕೇರಳದ್ದೇ, ಮೊಂಕೊಂಪುವಿನಲ್ಲಿ ಸಿದ್ಧವಾದ ತಳಿ.

ಅಂದ ಹಾಗೆ, ತಮ್ಮ ಗದ್ದೆಗೆ ಯೂರಿಯಾ ಎಷ್ಟು ಹಾಕಿದ್ದಿರಿ? ಸಾರಜನಕ ಹೆಚ್ಚಾದರೆ ರಸ ಪುಷ್ಟವಾಗಿ ಹುಳುವಿನ ಸಂತತಿ ಬಲಿಯುತ್ತದೆ. ಜೇಡಗಳನ್ನೂ ಮೊಟ್ಟೆ ತಿನ್ನುವ ಹಸಿರು ತಿಗಣೆಯನ್ನೂ ಕೊಲ್ಲುವ ಔಷಧಿಯನ್ನು ಮೊದಲೇ ಹೊಡೆದರೆ ಉಪದ್ರವ ಇಮ್ಮಡಿಯಾಗುತ್ತದೆ. ಗಿಡದ ಜೀನ್ ಎಷ್ಟೇ ಒಳ್ಳೆಯದಿದ್ದರೂ ಇವೆರಡನ್ನು ಅದು ಸರಿದೂಗಿಸಲಾರದು.

ಬೈಲುಗದ್ದೆ, ಬ್ರಹ್ಮಾವರ

ಯೂರಿಯಾ ಹೆಚ್ಚೇ ಹಾಕಿದ್ದೆ, ಸರ್, ಒಪ್ಪುತ್ತೇನೆ. ಇನ್ನೊಂದು ಸಂದೇಹ: ಮನೆಯ ಹಿತ್ತಲಿನ ಟೊಮೆಟೊಗೆ ಬರುವ ಬಿಳಿನೊಣಕ್ಕೂ ಇಂಥ ಜೀನ್ ಇದೆಯೇ?

ಸಸ್ಯಶಾಸ್ತ್ರ ಉಪನ್ಯಾಸಕಿ, ಮಂಗಳೂರು

ಇದೆ. ಎಂಐ-1 ಎಂಬ ಜೀನ್ ಪೆರುವಿನ ಕಾಡು ಟೊಮೆಟೊದಿಂದ ಬಂದದ್ದು. ಅದನ್ನು ಮೊದಲು ಬಯಸಿದ್ದು ಬೇರುಗಂಟು ಜಂತುಹುಳುವಿಗಾಗಿ. ಆಲೂಗಡ್ಡೆಯ ಸಸ್ಯಹೇನನ್ನೂ ಸ್ವಲ್ಪಮಟ್ಟಿಗೆ ಬಿಳಿನೊಣವನ್ನೂ ಅದೇ ಜೀನ್ ತಡೆಯುತ್ತದೆಂಬುದು ಆಮೇಲೆ ತಿಳಿಯಿತು. ಬೀಜದ ಪೊಟ್ಟಣದ ಮೇಲೆ ಜಂತುಹುಳು ನಿರೋಧಕ ಎಂದಿದ್ದರೆ ಬಹುತೇಕ ಈ ಜೀನೇ ಇರುತ್ತದೆ. ಆದರೆ ಮಣ್ಣಿನ ಉಷ್ಣತೆ ಸುಮಾರು 28 ಡಿಗ್ರಿ ದಾಟಿದರೆ ಜಂತುಹುಳುವಿನ ವಿರುದ್ಧ ಅದರ ಶಕ್ತಿ ಕುಂದುತ್ತದೆ. ನಮ್ಮ ಕರಾವಳಿಯ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅದನ್ನೇ ನೆಚ್ಚಿಕೊಳ್ಳದೆ ಬುಡಕ್ಕೆ ಒಣಹುಲ್ಲು ಹೊದಿಸಿ, ಎಲೆಯ ಅಡಿಭಾಗವನ್ನು ವಾರಕ್ಕೆರಡು ಬಾರಿ ತಿರುಗಿಸಿ ನೋಡಿ.