ಸ್ವಿಫ್ಟ್‌ಗೆ ನಾಲ್ಕು ಟೈರು: ದುಬಾರಿಯದ್ದು ಹಾಕಿಸಲಾ, ಸಾದಾ ಸಾಕಾ?

ವಾಕಡ್ ಧಾರವಾಡ:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿದ್ದೇನೆ. 2019ರ ಸ್ವಿಫ್ಟ್, ಟೈರಿನ ಅಳತೆ 185/65 ಆರ್15. ಕಾರಿನ ಜೊತೆ ಬಂದ ಟೈರುಗಳೇ 47,000 ಕಿ.ಮೀ. ಓಡಿವೆ. ಮುಂದಿನ ಎರಡು ಬೋಳಾಗುತ್ತಾ ಬಂದಿವೆ. ದಿನಾ ಖರಾಡಿಗೆ ಹೋಗಿ ಬರುತ್ತೇನೆ, ವರ್ಷಕ್ಕೆ ಮೂರು ಸಲ ಊರಿಗೆ. ಅಂಗಡಿಯಲ್ಲಿ ದುಬಾರಿ ಬ್ರ್ಯಾಂಡಿಗೆ ನಾಲ್ಕಕ್ಕೆ 29,200 ಹೇಳಿದರು, ಸಾದಾ ಬ್ರ್ಯಾಂಡಿಗೆ 18,400. ನಡುವೆ 10,800 ರೂಪಾಯಿ. ದಿನದ ಓಡಾಟಕ್ಕೆ ಅಷ್ಟು ಕೊಡಬೇಕಾ? ಬಳಸಿದವರು ಹೇಳಿ.

ಕೋಥ್ರೂಡ್ ಹಾವೇರಿ:
ಕೊಡಿ. ಯೋಚನೆನೇ ಬೇಡ. ನಾನು 2022ರಲ್ಲಿ ಸಾದಾ ಟೈರು ಹಾಕಿಸಿದ್ದೆ, ಒಂದಕ್ಕೆ 4,250. ಜುಲೈನಲ್ಲಿ ಊರಿಂದ ವಾಪಸ್ ಬರುತ್ತಿದ್ದೆವು. ಖಂಬಾಟ್ಕಿ ಸುರಂಗ ದಾಟಿದ ಮೇಲೆ ಇಳಿಜಾರಿನ ತಿರುವು ಇದೆಯಲ್ಲ, ಅಲ್ಲಿ ಜಡಿಮಳೆ. ಮುಂದಿನ ಲಾರಿ ಬ್ರೇಕ್ ಹಾಕಿತು, ನಾನೂ ಹಾಕಿದೆ. ಪೆಡಲ್ಲು ಕಾಲಡಿ ಗಡಗಡ ಅಂತು, ಕಾರು ಜಾರುತ್ತಲೇ ಹೋಯಿತು. ನಿಂತಾಗ ಲಾರಿಯ ಹಿಂಬದಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆಯ ಒಂದೊಂದು ಎಸಳೂ ಕಾಣುತ್ತಿತ್ತು. ಅದರಿಂದ ನೀರು ತೊಟ್ಟಿಕ್ಕುವುದೂ ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗ ಮಲಗಿದ್ದ, ಅವನಿಗೆ ಎಚ್ಚರವೂ ಆಗಲಿಲ್ಲ. ನನ್ನ ಕೈ ಮಾತ್ರ ಖೇಡ್ ಶಿವಾಪುರ ಟೋಲ್‌ವರೆಗೆ ನಡುಗುತ್ತಿತ್ತು, ಅಲ್ಲಿಂದ ಯಜಮಾನರು ಓಡಿಸಿದರು.

ಆ ಟೈರು ಓಡಿದ್ದು ಬರೀ 11,000 ಕಿ.ಮೀ. ಟೈರಿನ ಮೇಲಿನ ಗೀರುಗಳೆಲ್ಲ ಹೊಸದರಂತೆಯೇ ಆಳವಾಗಿದ್ದವು. ರಬ್ಬರೇ ಗಟ್ಟಿ, ನೀರಿನಲ್ಲಿ ಹಿಡಿಯುವುದಿಲ್ಲ. ಮರುವಾರವೇ ಬಿಚ್ಚಿಸಿದೆ, ಒಂದಕ್ಕೆ 900ರಂತೆ ತೆಗೆದುಕೊಂಡರು. 17,000 ಕೊಟ್ಟದ್ದಕ್ಕೆ ಬಂದದ್ದು 3,600. ದುಬಾರಿಯದ್ದು ಒಂದಕ್ಕೆ 7,450, ಬ್ಯಾಲೆನ್ಸಿಂಗ್ 600, ಅಲೈನ್‌ಮೆಂಟ್ 500, ವಾಲ್ವ್ ನಾಲ್ಕಕ್ಕೆ 200. ಒಟ್ಟು 31,100. ಒಂದು ರೂಪಾಯಿಗೂ ಬೇಜಾರಿಲ್ಲ.

ಠಾಣೆ ಬೆಳಗಾವಿ:
ಮೇಡಂ ಘೋಡ್‌ಬಂದರ್ ರಸ್ತೆಯಲ್ಲಿ ಒಂದು ಮಳೆಗಾಲ ಓಡಿಸಿ ನೋಡಲಿ. ನಾನು 2023ರ ಮೇನಲ್ಲಿ ಅದೇ ದರ್ಜೆಯ ದುಬಾರಿ ಟೈರು ಹಾಕಿಸಿದವನು. ಜುಲೈ 9, ರಾತ್ರಿ, ನೀರು ತುಂಬಿದ ಗುಂಡಿ, ಧಡ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ಎಡಗಡೆ ಮುಂದಿನ ಟೈರಿನ ಪಕ್ಕೆಯಲ್ಲಿ ಕೋಳಿಮೊಟ್ಟೆಯಷ್ಟು ಉಬ್ಬು. ಒಳಗಿನ ದಾರ ಹರಿದಿದೆ, ಇದಕ್ಕೆ ರಿಪೇರಿ ಇಲ್ಲ ಅಂದರು. ವಾರಂಟಿ ಕೇಳಿದೆ. ಏಟು ಬಿದ್ದು ಆದದ್ದು, ತಯಾರಿಕೆಯ ತಪ್ಪಲ್ಲ, ಸಿಗುವುದಿಲ್ಲ ಅಂದರು. ಹೊಸದು 8,100. ಆಗಸ್ಟ್ 27ಕ್ಕೆ ಬಲಗಡೆಯದ್ದೂ ಉಬ್ಬಿತು. ಅಷ್ಟರಲ್ಲಿ ಬೆಲೆ ಏರಿ 8,350. ರಿಮ್ಮು ಸೊಟ್ಟಗಾಗಿತ್ತು, ಅದನ್ನು ಬಡಿಸಲು 1,200. ಒಂದೇ ಮಳೆಗಾಲದಲ್ಲಿ 17,650. ಅಷ್ಟರಲ್ಲಿ ಸಾದಾ ಟೈರಿನ ಇಡೀ ಸೆಟ್ ಬರುತ್ತಿತ್ತು!

ಆಮೇಲೆ ಹಾಕಿಸಿದ್ದು 4,550ರದ್ದು. ಪಕ್ಕೆ ಗಟ್ಟಿ. ಇವತ್ತಿಗೆ 38,000 ಕಿ.ಮೀ., ಒಂದೂ ಉಬ್ಬಿಲ್ಲ. 80 ದಾಟಿದರೆ ಗುಂಯ್ ಅಂತ ಸದ್ದು ಬರುತ್ತದೆ, ಅದು ನಿಜ. ಘೋಡ್‌ಬಂದರ್‌ನಲ್ಲಿ 80 ಯಾರು ದಾಟುತ್ತಾರೆ?

ಕೋಥ್ರೂಡ್ ಹಾವೇರಿ:
ಗುಂಡಿಗೆ ಇಳಿಸಿ ಟೈರನ್ನು ಬೈಯುವುದು ಯಾವ ನ್ಯಾಯ ಸರ್? ಗಾಳಿ ಎಷ್ಟಿತ್ತು ಅವತ್ತು? ಕಡಿಮೆ ಇದ್ದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಪಕ್ಕೆ ಹರಿಯುತ್ತದೆ.

ಠಾಣೆ ಬೆಳಗಾವಿ:
33 ಇತ್ತು. ಹಿಂದಿನ ದಿನವೇ ಹಾಕಿಸಿದ್ದೆ. ನೀವು ಒಂದು ಸಲ ಜಾರಿದ್ದಕ್ಕೆ ಊರಿಗೆಲ್ಲ 30,000 ಖರ್ಚು ಮಾಡಿಸಬೇಡಿ.

ಪಿಂಪ್ರಿ ಕ್ಯಾಬ್ ವಿಜಯಪುರ:
ನಾನು ತಿಂಗಳಿಗೆ 5,000 ಕಿ.ಮೀ. ಓಡಿಸುವವನು. ನನಗೆ ಕಿಲೋಮೀಟರಿನ ಲೆಕ್ಕವೇ ಲೆಕ್ಕ. ಸಾದಾ ಟೈರು ನಾಲ್ಕಕ್ಕೆ 17,200, ಓಡಿದ್ದು 42,000. ಅಂದರೆ ಕಿಲೋಮೀಟರಿಗೆ 41 ಪೈಸೆ. ಒಂದು ಸಲ ದುಬಾರಿಯದ್ದೂ ಹಾಕಿಸಿ ನೋಡಿದೆ: 28,800, ಓಡಿದ್ದು 55,000. 52 ಪೈಸೆ ಬಿತ್ತು. ಫಾರಿನ್ ಟೈರು ಅನ್ನುವ ಭ್ರಮೆಯೂ ಬೇಡ, ಬ್ರಿಡ್ಜ್‌ಸ್ಟೋನ್ ಕಾರ್ಖಾನೆ ಇಲ್ಲೇ ಚಾಕಣದಲ್ಲಿದೆ.

ಸಾದಾ ಟೈರು ಹೇಗೆ 42,000 ಓಡಿತು ಅಂತ ಕೇಳುತ್ತಾರೆ. ಪ್ರತಿ ಸೋಮವಾರ ಬೆಳಿಗ್ಗೆ, ಗಾಡಿ ಬಿಸಿಯಾಗುವ ಮೊದಲೇ ಗಾಳಿ ನೋಡುತ್ತೇನೆ. 8,000ಕ್ಕೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ. ಎಕ್ಸ್‌ಪ್ರೆಸ್‌ವೇನಲ್ಲಿ ಟೈರು ಸಿಡಿದು ನಿಂತ ಗಾಡಿ ವಾರಕ್ಕೊಂದಾದರೂ ಕಾಣುತ್ತೇನೆ. ಅದರಲ್ಲಿ ದುಬಾರಿ ಟೈರಿನವೂ ಇರುತ್ತವೆ. ಗಾಳಿ ಕಡಿಮೆ ಇದ್ದರೆ ಪಕ್ಕೆ ಮಡಚಿ ಮಡಚಿ ಕಾಯುತ್ತದೆ. ಮೇಲಿಂದ ಬಿಸಿಲು, 100ರ ಓಟ. ಸಿಡಿಯದೆ ಏನಾಗುತ್ತದೆ?

ಕೋಥ್ರೂಡ್ ಹಾವೇರಿ:
11 ಪೈಸೆಗೋಸ್ಕರ ಪ್ಯಾಸೆಂಜರ್ ಜೀವ ಪಣಕ್ಕಿಡುತ್ತೀರಾ ಅಣ್ಣಾ? ಕಾಸಿಗೆ ತಕ್ಕ ಕಜ್ಜಾಯ.

ಪಿಂಪ್ರಿ ಕ್ಯಾಬ್ ವಿಜಯಪುರ:
ಅಕ್ಕಾವ್ರೇ, ಮಾತು ನೋಡಿ ಆಡಿ. 11 ಪೈಸೆ ನಿಮಗೆ ಚಿಲ್ಲರೆ. ನನಗೆ ವರ್ಷಕ್ಕೆ 6,600 ರೂಪಾಯಿ, ಮಗಳ ಟ್ಯೂಷನ್ ಫೀಸು. 14 ವರ್ಷದಿಂದ ಓಡಿಸುತ್ತಿದ್ದೇನೆ, ಒಬ್ಬ ಪ್ಯಾಸೆಂಜರ್‌ಗೂ ಗೀರು ಬಿದ್ದಿಲ್ಲ. ಮಳೆ ಬಂದರೆ ನಾನು 60ಕ್ಕೆ ಇಳಿಯುತ್ತೇನೆ. ದುಬಾರಿ ಟೈರಿನ ನಂಬಿಕೆ ಮೇಲೆ 100ರಲ್ಲಿ ಹೋಗುವುದಿಲ್ಲ.

ಡೊಂಬಿವಲಿ ಮೈಸೂರು:
ಜಗಳ ಬಿಡಿ. ನಮ್ಮ ತಂದೆ ಮೈಸೂರಿನ ವಿಕ್ರಾಂತ್ ಟೈರ್ಸ್‌ನಲ್ಲಿ 26 ವರ್ಷ ದುಡಿದವರು. 1997ರಲ್ಲಿ ಅದು ಜೆಕೆ ಟೈರ್ ಕಂಪನಿಯ ಕೈಗೆ ಹೋಯಿತು. ಸಂಜೆ ಮನೆಗೆ ಬಂದರೆ ಅವರ ಅಂಗಿಗೆಲ್ಲ ರಬ್ಬರಿನ ವಾಸನೆ. ಊಟಕ್ಕೆ ಕೂತಾಗಲೂ ಟೈರಿನದೇ ಮಾತು. ಗಟ್ಟಿ ರಬ್ಬರ್ ಜಾಸ್ತಿ ಓಡುತ್ತದೆ, ಮೆತ್ತನೆಯದು ಚೆನ್ನಾಗಿ ಹಿಡಿಯುತ್ತದೆ, ಎರಡೂ ಬೇಕು ಅಂದರೆ ಹಣ ಬೇಕು ಅನ್ನುತ್ತಿದ್ದರು. ಈಗ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಅನ್ನುವ ಕಪ್ಪು ಮಸಿಪುಡಿಯ ಜೊತೆ ಸಿಲಿಕಾ ಪುಡಿಯನ್ನೂ ಸೇರಿಸಿ ಒದ್ದೆ ರಸ್ತೆಯ ಹಿಡಿತ ಹೆಚ್ಚಿಸುತ್ತಾರೆ. ದುಬಾರಿ ಟೈರಿನಲ್ಲಿ ನೀವು ಕೊಡುವ ಹಣದ ಒಂದು ಪಾಲು ಅದಕ್ಕೆ. ಹಾಗಾಗಿ ಕೋಥ್ರೂಡ್‌ನವರು ಹೇಳಿದ್ದು ಸುಳ್ಳಲ್ಲ.

ದುಡ್ಡು ಕಡಿಮೆ ಇದ್ದರೆ ಒಳ್ಳೆಯದು ಎರಡೇ ತಗೊಳ್ಳಿ. ಆದರೆ ಹೊಸ ಜೋಡಿ ಹಿಂದಕ್ಕೆ ಹಾಕಿಸಿ.

ಠಾಣೆ ಬೆಳಗಾವಿ:
ಹಿಂದಕ್ಕಾ? ಸ್ವಿಫ್ಟ್ ಮುಂದಿನ ಚಕ್ರದಿಂದ ಎಳೆಯುವ ಗಾಡಿ. ಸ್ಟೀರಿಂಗ್ ಮುಂದೆ, ಇಂಜಿನ್ ಭಾರ ಮುಂದೆ, ಬ್ರೇಕಿನ ಜೋರೆಲ್ಲ ಮುಂದೆ. ಬೋಳು ಟೈರು ಮುಂದಿಟ್ಟು ಹೊಸದನ್ನು ಹಿಂದೆ ಹಾಕಿದರೆ ಏನು ಉಪಯೋಗ? ಸುಮ್ನೆ ಜನರ ದಾರಿ ತಪ್ಪಿಸಬೇಡಿ.

ಡೊಂಬಿವಲಿ ಮೈಸೂರು:
ಬೋಳು ಟೈರು ಇಡಿ ಅಂತ ಎಲ್ಲಿ ಹೇಳಿದೆ? ಗೀರಿನ ನಡುವಿನ ಗುರುತಿನ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಬಂದದ್ದನ್ನು ಎಲ್ಲೂ ಇಡಬಾರದು. ನಾನು ಹೇಳಿದ್ದು ಅರ್ಧ ಸವೆದದ್ದು ಮುಂದೆ, ಹೊಸದು ಹಿಂದೆ. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತದೆ, ಕಾಲು ತೆಗೆದರೆ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಕಾರು ತಿರುಗಿಬಿಡುತ್ತದೆ, ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಮಿಶೆಲಿನ್‌ನವರೂ ಇದನ್ನೇ ಹೇಳುತ್ತಾರೆ. ನನ್ನ ಭಾವಮೈದುನನ ಕಾರು 2018ರಲ್ಲಿ ಪನ್ವೇಲ್ ಹತ್ತಿರ ಹೀಗೇ ತಿರುಗಿ ಬಂದ ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಮುಂದೆ ಹೊಸದು, ಹಿಂದೆ ಹಳೆಯದು ಹಾಕಿಸಿದ್ದ. ಇದರಲ್ಲಿ ವಾದ ಬೇಡ.

ಠಾಣೆ ಬೆಳಗಾವಿ:
ನಮ್ಮ ಕಡೆ ಅಂಗಡಿಯವರೆಲ್ಲ ಮುಂದೆಯೇ ಹಾಕುತ್ತಾರೆ. ಅವರಿಗೆಲ್ಲ ಗೊತ್ತಿಲ್ಲ, ನಿಮಗೊಬ್ಬರಿಗೇ ಗೊತ್ತಾ?

ವಾಸ್ಕೊ ಕುಂದಾಪುರ:
ಮಾರಾಯ್ರೇ, ತಯಾರಾದ ದಿನಾಂಕ ನೋಡಿ ಅಂತ ಒಬ್ಬರಾದರೂ ಹೇಳಿದಿರಾ? 2023ರ ಡಿಸೆಂಬರ್‌ನಲ್ಲಿ ನಾನು ಒಂದಕ್ಕೆ 7,300 ಕೊಟ್ಟು ತಗೊಂಡ ನಾಲ್ಕು ಟೈರಿನ ಮೇಲೆ 3921 ಅಂತಿತ್ತು. 2021ರ 39ನೇ ವಾರ. ಎರಡು ವರ್ಷಕ್ಕೂ ಜಾಸ್ತಿ ಅಂಗಡಿಯಲ್ಲೇ ಕೂತದ್ದು! ನಾನು ನೋಡಿದ್ದು ಮನೆಗೆ ಬಂದ ಮೇಲೆ. ಹಾಕಿ ಓಡಿಸಿದ್ದೀರಿ, ವಾಪಸ್ ತಗೊಳ್ಳಲ್ಲ ಅಂದರು. ನನ್ನ ಓಡಾಟ ವರ್ಷಕ್ಕೆ 7,000 ಕಿ.ಮೀ., ಜೊತೆಗೆ ಊರಿಗೆ ಒಂದೆರಡು ಸಲ. ಗೀರು ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ಇಲ್ಲಿನ ಬಿಸಿಲಿಗೆ ಈಗಾಗಲೇ ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು, ಉಗುರು ಇಟ್ಟರೆ ಸಿಗುತ್ತದೆ. 29,200 ಕೊಟ್ಟ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ಹಿಂಜೆವಾಡಿ ರಾಯಚೂರು:
ಹೊಟ್ಟೆಯುರಿ ನನ್ನದು ಕೇಳಿ. 2025ರ ಆಗಸ್ಟ್ ಕೊನೆಗೆ ನಾಲ್ಕಕ್ಕೆ 30,720 ಕೊಟ್ಟೆ, 28 ಪರ್ಸೆಂಟ್ ಜಿಎಸ್‌ಟಿ ಸೇರಿ. ಸೆಪ್ಟೆಂಬರ್ 22ಕ್ಕೆ ಟೈರಿಗೆ 18 ಪರ್ಸೆಂಟ್ ಆಯಿತು. ಅದೇ ಸೆಟ್ 28,320. ನಾಲ್ಕು ವಾರ ತಡೆದಿದ್ದರೆ 2,400 ಉಳಿಯುತ್ತಿತ್ತು. ವಾಕಡ್ ಸರ್, ನಿಮಗೆ ಹೇಳಿದ್ದು ಹೊಸ ರೇಟಾ ಹಳೆಯದಾ, ಬಿಲ್ಲಿನಲ್ಲಿ ನೋಡಿಕೊಳ್ಳಿ.

ವಾಕಡ್ ಧಾರವಾಡ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ನಾಲ್ಕೂ ಹಾಕಿಸಿದೆ. ದುಬಾರಿಯದ್ದೂ ಅಲ್ಲ, ತೀರಾ ಅಗ್ಗದ್ದೂ ಅಲ್ಲ, ಒಂದಕ್ಕೆ 5,850. ವಾಸ್ಕೊ ಅಕ್ಕ ಹೇಳಿದಂತೆ ಮೊದಲು ಕೋಡ್ ನೋಡಿದೆ. ಮೂರು ಈ ವರ್ಷದವು, ಒಂದು ಹೋದ ವರ್ಷದ್ದು. ಬದಲಿಸಿ ಅಂದೆ, ಮುಖ ಸಿಂಡರಿಸಿ ಗೋದಾಮಿನಿಂದ ಬೇರೆ ತರಿಸಿದರು. ಸ್ಟೆಪ್ನಿ ಮಾತ್ರ 2019ರದ್ದೇ ಇದೆ, ಒಂದು ಸಲವೂ ರಸ್ತೆಗೆ ಇಳಿದಿಲ್ಲ. ಅದನ್ನೂ ಬದಲಿಸಬೇಕಾ?

ಠಾಣೆ ಬೆಳಗಾವಿ:
ಓಡದ ಟೈರಿಗೆ ಯಾಕೆ ದುಡ್ಡು? ಇರಲಿ ಬಿಡಿ.

ವಾಸ್ಕೊ ಕುಂದಾಪುರ:
ಆರು ವರ್ಷ ದಾಟಿದ ರಬ್ಬರ್! ಬದಲಿಸಿ. ಇವರ ಮಾತು ಕೇಳಬೇಡಿ.

ಪಿಂಪ್ರಿ ಕ್ಯಾಬ್ ವಿಜಯಪುರ:
ಸರ್, ಮೊದಲು ಡಿಕ್ಕಿ ತೆಗೆದು ಅದರಲ್ಲಿ ಗಾಳಿ ಎಷ್ಟಿದೆ ನೋಡಿ ಹೇಳಿ.