ಕ್ಯಾಂಪರ್ ಗಾಡಿಯಲ್ಲಿ ಪುಣೆಯಿಂದ ಅಗೊಂಡದವರೆಗೆ: ಮೀಟಿಂಗ್ ಕಡಿಯದ ಇಂಟರ್ನೆಟ್ ಹೇಗೆ?

ಕೊಥ್ರೂಡಿನವ:
ಟ್ರಾವೆಲರ್ ಗಾಡಿಯಿಂದ ಮಾಡಿಸಿದ ಕ್ಯಾಂಪರ್. ಮುಂದಿನ ಛಾವಣಿ ತಗಡು, ಹಿಂದೆ ಎತ್ತರಿಸಿದ ಭಾಗ ಎಫ್‌ಆರ್‌ಪಿ (ಗಾಜುನಾರಿನ ಪ್ಲಾಸ್ಟಿಕ್). 12 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿ, 300 ವ್ಯಾಟ್ ಸೋಲಾರ್. ದಾರಿ ತಾಮ್ಹಿಣಿ ಘಾಟಿ ಇಳಿದು ದಿವೇಆಗರ, ಗುಹಾಗರ, ಗಣಪತಿಪುಳೆ, ಮಾಲವಣ, ಕೊನೆಗೆ ದಕ್ಷಿಣ ಗೋವಾದ ಅಗೊಂಡ, ಮೂರು ವಾರ. ಇಬ್ಬರಿಗೂ ದಿನಕ್ಕೆ 4 ಗಂಟೆ ವಿಡಿಯೊ ಮೀಟಿಂಗ್, ಜೊತೆಗೆ ಕಚೇರಿಯ ವಿಪಿಎನ್ (ಕಚೇರಿಯ ಜಾಲಕ್ಕೆ ಹೋಗುವ ಗುಪ್ತ ದಾರಿ).

ಎರಡು ಸಿಮ್ ಹಾಕುವ 4ಜಿ ರೌಟರ್ ಇದೆ, ಎರಡು ಬೇರೆ ಕಂಪನಿಯ ಸಿಮ್ ಹಾಕಿದೆ. ಆದರೂ ಸಿಗ್ನಲ್ ಕಡ್ಡಿ ಮೂರು ನಾಲ್ಕು ತೋರಿಸುತ್ತಿರುವಾಗಲೇ ಮೀಟಿಂಗ್ ಕಡಿಯುತ್ತದೆ. ವಿಪಿಎನ್ ಕನೆಕ್ಟ್ ಆಯಿತು ಅನ್ನುತ್ತದೆ, ಒಳಗಿನ ಪುಟ ತೆರೆಯುವುದಿಲ್ಲ. ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿದರೆ ಸರಿಹೋಗುತ್ತದಾ? ಮನೆಯ ಏರ್‌ಫೈಬರ್ (ತಂತಿ ಇಲ್ಲದೆ 5ಜಿಯಲ್ಲಿ ಬರುವ ಮನೆ ಇಂಟರ್ನೆಟ್) ಪೆಟ್ಟಿಗೆಯನ್ನೇ ಗಾಡಿಗೆ ಏರಿಸಬಹುದಾ?

ಮಾಟುಂಗಾ ಮಾಣಿ:
ಬೂಸ್ಟರ್ ಸುದ್ದಿಗೇ ಹೋಗಬೇಡಿ ಮಾರಾಯ್ರೇ. ಪರವಾನಗಿ ಇಲ್ಲದೆ ಮೊಬೈಲ್ ರಿಪೀಟರ್ (ಬೂಸ್ಟರಿನ ಇನ್ನೊಂದು ಹೆಸರು) ಮಾರುವುದೂ ಹಾಕುವುದೂ ಇಲ್ಲಿ ಕಾನೂನುಬಾಹಿರ. ಆನ್‌ಲೈನಿನಲ್ಲಿ ರಾಶಿ ಬಿದ್ದಿವೆ, ಅದು ಬೇರೆ ಮಾತು. ಅದಲ್ಲದೆ ಗಾಡಿಯಲ್ಲಿ ಒಳಗಿನ ಆಂಟೆನಾಕ್ಕೂ ಹೊರಗಿನದಕ್ಕೂ ಎರಡು ಮೀಟರ್ ಅಂತರ ಸಿಗುವುದೇ ಕಷ್ಟ. ಮೈಕಿನ ಎದುರು ಸ್ಪೀಕರ್ ಇಟ್ಟ ಹಾಗೆ ಅದು ತನ್ನನ್ನೇ ಕೇಳಿಕೊಂಡು ಕಿರುಚುತ್ತದೆ, ಸುತ್ತಲಿನವರ ಫೋನೂ ಹಾಳು. ಏರ್‌ಫೈಬರ್ ಅಂದರೆ ಕೊಟ್ಟ ವಿಳಾಸಕ್ಕೆ ಕಟ್ಟಿದ ದನ, ಹಗ್ಗ ಬಿಚ್ಚಲು ಬರುವುದಿಲ್ಲ.

ನಿಮ್ಮ ನಿಜವಾದ ತೊಂದರೆ ರೌಟರಿನ ಹೊಟ್ಟೆಯಲ್ಲಿದೆ. ಸಿಮ್ ಜಾಗ ಎರಡು, ಮೋಡೆಮ್ (ಟವರಿನೊಡನೆ ಮಾತಾಡುವ ಭಾಗ) ಒಂದೇ. ಮೊದಲ ಸಿಮ್ ಕೆಲಸ ಮಾಡುವಾಗ ಎರಡನೆಯದು ಸುಮ್ಮನೆ ಮಲಗಿರುತ್ತದೆ. ಮೊದಲನೆಯದು ಸತ್ತಿತೆಂದು ರೌಟರಿಗೆ ಗೊತ್ತಾಗಿ, ಸಿಮ್ ಬದಲಾಗಿ, ಹೊಸ ನೆಟ್‌ವರ್ಕಿಗೆ ನೋಂದಣಿ ಆಗುವಷ್ಟರಲ್ಲಿ ಒಂದು ನಿಮಿಷ ಹೋಯಿತು. ಬೇಕಾದದ್ದು ಎರಡು ಮೋಡೆಮ್. ಅದಕ್ಕೆ ದುಡ್ಡು ಸುರಿಯಬೇಕೆಂದೇನೂ ಇಲ್ಲ: ಒಂದು 5ಜಿ ಫೋನನ್ನು ರೌಟರಿನ ಯುಎಸ್‌ಬಿ ತೂತಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ತಂತಿಯಲ್ಲಿ ಹಂಚುವುದು) ಆನ್ ಮಾಡಿದರೆ ಅದೇ ಎರಡನೆಯ ಮೋಡೆಮ್. ವೈಫೈ ಹಾಟ್‌ಸ್ಪಾಟ್ ಬೇಡ, ಫೋನ್ ಕಾಯುತ್ತದೆ. ಡ್ಯಾಶ್‌ಬೋರ್ಡ್ ಮೇಲಂತೂ ಇಡಲೇಬೇಡಿ.

ಓಪನ್‌ಡಬ್ಲ್ಯುಆರ್‌ಟಿ (ರೌಟರಿನ ಮುಕ್ತ ತಂತ್ರಾಂಶ) ಇರುವ ರೌಟರ್ ಆದರೆ ಎಂವ್ಯಾನ್3 (ಒಂದಕ್ಕಿಂತ ಹೆಚ್ಚು ಇಂಟರ್ನೆಟ್ ದಾರಿ ನೋಡಿಕೊಳ್ಳುವ ಅದರ ಪೂರಕ) ಹಾಕಿ, 5 ಸೆಕೆಂಡಿಗೊಮ್ಮೆ 1.1.1.1 ಮತ್ತು 8.8.8.8 (ಸಾರ್ವಜನಿಕ ಇಂಟರ್ನೆಟ್ ವಿಳಾಸಗಳು) ಎರಡಕ್ಕೂ ಪಿಂಗ್ (ದಾರಿ ಬದುಕಿದೆಯಾ ಅಂತ ಕೇಳುವ ಸಣ್ಣ ಸಂದೇಶ), ಮೂರು ಸಲ ತಪ್ಪಿದರೆ ದಾರಿ ಬದಲು ಅಂತ ಇಡಿ. ಲೋಡ್ ಬ್ಯಾಲೆನ್ಸಿಂಗ್, ಅಂದರೆ ಎರಡೂ ದಾರಿ ಒಟ್ಟಿಗೆ ಬಳಸುವ ಆಸೆ, ಬೇಡ. ಐಪಿ (ನಿಮ್ಮ ಇಂಟರ್ನೆಟ್ ವಿಳಾಸ) ಅತ್ತಿತ್ತ ಹಾರಿದರೆ ಬ್ಯಾಂಕಿನ ಜಾಲತಾಣ, ವಿಪಿಎನ್ ಎರಡೂ ಹೊರಗೆ ಹಾಕುತ್ತವೆ. ಫೇಲ್‌ಓವರ್, ಅಂದರೆ ಒಂದು ಸತ್ತಾಗ ಇನ್ನೊಂದು, ಅದು ಮಾತ್ರ ಸಾಕು.

ಪಿಂಪ್ರಿ ವಾಯರ್‌ಮನ್:
ಕಡ್ಡಿ ಎಣಸೂದು ಬಿಡ್ರಿ. ರೌಟರಿನ ಪುಟದಾಗ ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಅಂತ ಎರಡು ಅಂಕಿ ಇರ್ತಾವ, ಅವನ್ನ ನೋಡ್ರಿ: ಮೊದಲಿಂದು ಸಿಗ್ನಲ್ ಎಷ್ಟು ಜೋರ, ಎರಡನೇದು ಗದ್ದಲಕ್ಕಿಂತ ಎಷ್ಟು ಮ್ಯಾಲ. ಆರ್‌ಎಸ್‌ಆರ್‌ಪಿ ಮೈನಸ್ 90ಕ್ಕಿಂತ ಮ್ಯಾಲಿದ್ರ ಚಲೋ, ಮೈನಸ್ 110ರ ಕೆಳಗ ಹೋತಂದ್ರ ಮೀಟಿಂಗ್ ಮರತುಬಿಡ್ರಿ. ಎಸ್‌ಐಎನ್‌ಆರ್ 13ರ ಮ್ಯಾಲ ಇರಬೇಕು. ಅದು ಸೊನ್ನಿ ಹತ್ರ ಬಂದ್ರ, ಕಡ್ಡಿ ನಾಕಿದ್ರೂ ಬರೇ ಗದ್ದಲ.

ತಗಡಿನ ಡಬ್ಬಿ ಒಳಗ ರೌಟರ್ ಇಟ್ರ ಅರ್ಧಾ ಸಿಗ್ನಲ್ ಹೊರಗ ನಿಲ್ತೈತಿ, ಆಂಟೆನಾ ಛಾವಣಿ ಮ್ಯಾಲ ಬೇಕ ಬೇಕು. ಇಲ್ಲೆ ಮಂದಿ ತಪ್ಪೂದು ಕೇಬಲ್‌ನ್ಯಾಗ. ಆರ್‌ಜಿ 58 ಕೇಬಲ್ 2300 ಮೆಗಾಹರ್ಟ್ಸ್‌ಗೆ ಮೀಟರಿಗೆ ಹತ್ರ ಹತ್ರ 1 ಡೆಸಿಬೆಲ್ ತಿಂತೈತಿ. 5 ಮೀಟರ್ ಎಳದ್ರ ಮೂರರಾಗ ಎರಡು ಪಾಲು ದಾರ್ಯಾಗ ಸತ್ತಂಗ. ರೊಕ್ಕಾ ಕೊಟ್ಟು ತಂದ ಆಂಟೆನಾದ ಗಳಿಕಿ ಎಲ್ಲಾ ಅಲ್ಲೇ ಹೋತು. ಎಲ್‌ಎಂಆರ್ 195 ಅನ್ನೂ ಕೇಬಲ್ ಹಾಕಿದ್ರ ಮೀಟರಿಗೆ 0.6 ಡೆಸಿಬೆಲ್ ಸುತ್ತ. ಎಲ್‌ಎಂಆರ್ 400 ಇನ್ನೂ ಚಲೋ, ಆದ್ರ ಬೆರಳಿನಷ್ಟ ದಪ್ಪ, ಗಾಡಿ ಮೂಲ್ಯಾಗ ಬಾಗೂದಿಲ್ಲ. ಅದಕ್ಕ ರೌಟರನ್ನ ಆಂಟೆನಾದ ಕೆಳಗ ತಂದ ಇಟ್ಟು ಕೇಬಲ್ ಒಂದೂವರಿ ಮೀಟರಿಗೆ ಮುಗಿಸ್ರಿ, ಮುಂದ ಬೇಕಾದಷ್ಟು ದೂರ ಲ್ಯಾನ್ ವಾಯರ್ ಎಳೀರಿ. ಛಾವಣಿ ಕೆಳಗಿನ ಕಪಾಟು ಮಧ್ಯಾಹ್ನ ಒಲಿ ಇದ್ದಂಗ, ಗಾಳಿ ಆಡಾಕ ತೂತು ಬಿಡ್ರಿ.

ಆಂಟೆನಾ ಒಂದಲ್ಲ, ಎರಡು ತುದಿ ಇರೂದು ತಗೊಳ್ರಿ, ರೌಟರಿನ ಮೇನ್ (ಮುಖ್ಯ) ತೂತಿಗೊಂದು, ಆಕ್ಸ್ (ಎರಡನೇ) ತೂತಿಗೊಂದು. ಮತ್ತ ರೌಟರಿನ 4ಜಿ ತೂತಿಗೆ ನಡುವ ಮುಳ್ಳ ಇರೂ ಎಸ್‌ಎಂಎ ಪಿನ್ನು, ವೈಫೈ ತೂತಿಗೆ ಮುಳ್ಳ ಇಲ್ಲದ ಆರ್‌ಪಿ ಎಸ್‌ಎಂಎ. ವೈಫೈ ಆಂಟೆನಾ 4ಜಿ ತೂತಿಗೂ ತಿರುವಿದ್ರ ಬಿಗಿಯಾಗೇ ಕೂಡ್ತೈತಿ, ಆದ್ರ ನಡುವ ಎರಡೂ ಕಡೆ ಬರೇ ತೂತು, ಮುಳ್ಳ ಇರೂದಿಲ್ಲ. ಹೊರಗಿಂದ ನೋಡಿದ್ರ ತಪ್ಪ ಗೊತ್ತಾಗಂಗಿಲ್ಲ. ತಗಡಿನ ಮ್ಯಾಲ ಹಾಕಾಕ ಜಾಗಾ ಇಲ್ಲದ ಎಫ್‌ಆರ್‌ಪಿ ಮ್ಯಾಲ ಕೂಡಿಸೂದಾದ್ರ, ಗ್ರೌಂಡ್ ಪ್ಲೇನ್ (ಲೋಹದ ಹಾಸು) ಬೇಡುವ ಆಂಟೆನಾದ ಕೆಳಗ 30 ಸೆಂಟಿಮೀಟರ್ ಚೌಕದ ಅಲ್ಯುಮಿನಿಯಂ ತಗಡ ಹಾಕ್ರಿ.

ಕರೆಂಟ್: ಇನ್ವರ್ಟರ್ ಮುಖಾಂತರ ಬ್ಯಾಡ, ಅದು ಖಾಲಿ ಕುಂತ್ರೂ 10-15 ವ್ಯಾಟ್ ನುಂಗ್ತೈತಿ. 10 ವ್ಯಾಟಿನ ರೌಟರ್ ದಿನಪೂರ್ತಿ ಓಡಿದ್ರ 240 ವ್ಯಾಟ್ ಅವರ್, ನಿಮ್ಮ ಬ್ಯಾಟರಿಯ 1280ರಾಗ (ಖರೇ ಅಂದ್ರ 12.8 ವೋಲ್ಟ್, ಅದಕ್ಕ 100 ಎಎಚ್ ಗುಣಿಸಿದ್ದು) ಐದನೇ ಪಾಲಿಗೂ ಕಡಿಮಿ. 9ರಿಂದ 30 ವೋಲ್ಟ್ ತಡಿಯೂ ರೌಟರ್ ಇದ್ರ ಬ್ಯಾಟರಿಯಿಂದ 3 ಆಂಪಿಯರ್ ಫ್ಯೂಸ್ ಹಾಕಿ ನೆಟ್ಟಗ ಕೊಡ್ರಿ. ಬರೇ 12 ವೋಲ್ಟಿಂದು ಅಂದ್ರ ನಡುವ ಬಕ್ ಬೂಸ್ಟ್ ಕನ್ವರ್ಟರ್ (ವೋಲ್ಟ್ 12ಕ್ಕೇ ನಿಲ್ಸೂ ಡಬ್ಬಿ) ಬೇಕು. ಚಾರ್ಜ್ ಆಗೂ ಮುಂದ ಈ ಬ್ಯಾಟರಿ 14 ವೋಲ್ಟ್ ದಾಟ್ತೈತಿ.

ಮಡಗಾಂವ್ ಮಂದಿ:
ಯಂತ್ರದ ಮಾತು ಆಯಿತು, ಇನ್ನು ನೆಲದ ಮಾತು. ಕೊಂಕಣದ ಊರುಗಳು ಹೆಚ್ಚಿನವು ಖಾಡಿಯ (ಕಡಲ ಹಿನ್ನೀರಿನ) ಪಕ್ಕದ ತಗ್ಗಿನಲ್ಲಿ, ತೆಂಗು ಅಡಿಕೆಯ ನಡುವೆ. ಮೇಲೆ ಜಂಬಿಟ್ಟಿಗೆಯ ಬೋಳು ಬಯಲು, ಅಲ್ಲಿಯವರ ಬಾಯಲ್ಲಿ ಸಡಾ. ಕಡಲಂಚಿನ ತೋಟದಲ್ಲಿ ಒದ್ದಾಡುವ ಸಿಗ್ನಲ್ ಒಂದೆರಡು ಕಿಲೋಮೀಟರ್ ಹತ್ತಿ ಸಡೆಯ ಮೇಲೆ ನಿಂತರೆ ಸಲೀಸು, ಏಕೆಂದರೆ ಟವರಿಗೂ ನಿಮಗೂ ನಡುವೆ ಗುಡ್ಡ ಇರುವುದಿಲ್ಲ. ಹಗಲಿನ ಮೀಟಿಂಗ್ ಮೇಲೆ, ರಾತ್ರಿ ವಾಸ ಕೆಳಗೆ ಅಂತ ಯೋಜಿಸಿ. ಅಗೊಂಡದ ಸುತ್ತಲೂ ಗುಡ್ಡವೇ. ಅಲ್ಲಿ ಕಷ್ಟವಾದರೆ ಕಾಣಕೋಣದ ಚಾವಡಿ ಪೇಟೆಯ ಕಡೆ ಹೆದ್ದಾರಿಗೆ ಬನ್ನಿ. ತಾಮ್ಹಿಣಿ ಇಳಿಯುವ ದಿನ ಮೀಟಿಂಗೇ ಇಟ್ಟುಕೊಳ್ಳಬೇಡಿ.

ಸ್ಪೀಡ್ ಟೆಸ್ಟಿನಲ್ಲಿ ಎಲ್ಲರೂ ಡೌನ್‌ಲೋಡ್ ನೋಡಿ ಖುಷಿಪಡುತ್ತಾರೆ. ಮೀಟಿಂಗ್ ಕಡಿಯುವುದು ಅಪ್‌ಲೋಡಿನಲ್ಲಿ. 2300 ಮೆಗಾಹರ್ಟ್ಸ್‌ನ ಬ್ಯಾಂಡ್ 40ರಲ್ಲಿ (ಬ್ಯಾಂಡ್ ಅಂದರೆ ಮೊಬೈಲ್ ತರಂಗಗಳ ಒಂದು ಪಟ್ಟಿ) ಸಮಯದ ಬಹುಪಾಲು ಡೌನ್‌ಲೋಡಿಗೆ ಮೀಸಲು, ಹಾಗಾಗಿ ಇಳಿಕೆ 40 ಎಂಬಿಪಿಎಸ್, ಏರಿಕೆ ಅರ್ಧ ಎಂಬಿಪಿಎಸ್ ಅನ್ನುವ ಪರಿಸ್ಥಿತಿ ಬರುತ್ತದೆ. ಇಬ್ಬರ ವಿಡಿಯೊಗೆ ಏರಿಕೆ 3-4 ಎಂಬಿಪಿಎಸ್ ಬಿಡದೆ ಸಿಗಬೇಕು. ರೌಟರಿನಲ್ಲಿ ಬ್ಯಾಂಡ್ ಲಾಕ್ ಇದ್ದರೆ ಬ್ಯಾಂಡ್ 3ಕ್ಕೆ ಕಟ್ಟಿ ನೋಡಿ. ಅದೂ ದೂರವಾದರೆ 5 ಅಥವಾ 8. ಕಡಿಮೆ ಮೆಗಾಹರ್ಟ್ಸ್‌ನ ಈ ಎರಡು ದೂರ ಓಡುತ್ತವೆ, ಆದರೆ ಕಿರಿದು, ಶನಿವಾರ ಸಂಜೆ ಬೀಚಿನ ಊರಲ್ಲಿ ತುಂಬಿ ತುಳುಕುತ್ತವೆ. ಅಮೆರಿಕಕ್ಕೆಂದು ಮಾಡಿದ ರೌಟರ್ ಅಗ್ಗವಾಗಿ ಸಿಕ್ಕರೆ ಕೊಳ್ಳುವ ಮುಂಚೆ 3, 5, 8, 40 ಇವೆಯಾ ಅಂತ ನೋಡಿ.

ಇನ್ನೊಂದು: ಎರಡು ಕಂಪನಿಯ ಸಿಮ್ ಅಂದರೆ ಎರಡು ಟವರ್ ಅಂತಲ್ಲ. ಒಂದೇ ಕಂಬದಲ್ಲಿ ಇಬ್ಬರ ಉಪಕರಣ ಇರುವುದು ಸಾಮಾನ್ಯ. ಮಳೆಗಾಲದಲ್ಲಿ ಹಳ್ಳಿಯ ಕರೆಂಟ್ ಹೋಗಿ ಕಂಬದ ಬ್ಯಾಟರಿ ಬರಿದಾದರೆ ಎರಡೂ ಒಟ್ಟಿಗೆ ಸಾಯುತ್ತವೆ. ಮಳೆ ಹನಿ ಈ ತರಂಗಗಳಿಗೆ ಏನೂ ಮಾಡದು, ಮುರಿದ ಮರ ಮತ್ತು ಕಡಿದ ಫೈಬರ್ ಮಾಡುತ್ತವೆ.

ಕೊಥ್ರೂಡಿನವ:
ಆಂಟೆನಾ, ಟೆದರಿಂಗ್ ಎರಡೂ ಸ್ಪಷ್ಟ. ವಿಪಿಎನ್? ಮತ್ತೆ ದಿನಕ್ಕೆ 2 ಜಿಬಿ ಪ್ಯಾಕಿಗೆ ಅನ್‌ಲಿಮಿಟೆಡ್ 5ಜಿ ಇದೆ, ಸಾಲುತ್ತದಲ್ಲ?

ಡೊಂಬಿವಲಿ ಲೋಕಲ್:
ಸಾಲುವುದಿಲ್ಲ. ಗುಂಪಿನ ವಿಡಿಯೊ ಮೀಟಿಂಗ್ ಗಂಟೆಗೆ ಸುಮಾರು 1 ಜಿಬಿ. ಇಬ್ಬರು, ನಾಲ್ಕು ಗಂಟೆ, 8 ಜಿಬಿ. ಅನ್‌ಲಿಮಿಟೆಡ್ ಎನ್ನುವುದು 5ಜಿ ಹಿಡಿದಾಗ ಮಾತ್ರ. ಅದೇ ಸಿಮ್ 4ಜಿ ರೌಟರಿಗೆ ಹೋದರೆ ದಿನದ 2 ಜಿಬಿ ಒಂದು ಗಂಟೆಯ ಆಟ, ಆಮೇಲೆ 64 ಕೆಬಿಪಿಎಸ್. ಹಾಗಾಗಿ ಆ ಸಿಮ್ ಟೆದರಿಂಗ್ ಫೋನಿಗೆ, ರೌಟರಿಗೆ ದಿನದ ಮಿತಿ ಇಲ್ಲದ ಒಟ್ಟು ಡೇಟಾ ಪ್ಯಾಕ್. ಲ್ಯಾಪ್‌ಟಾಪಿನಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಿಮ್ಮ ಊಟ ತಿನ್ನುತ್ತದೆ. ಕ್ಯಾಮೆರಾ ಬೇಡದ ಮೀಟಿಂಗಿಗೆ ಧ್ವನಿ ಮಾತ್ರ: ಗಂಟೆಗೆ 100 ಎಂಬಿಯೂ ದಾಟದು.

ವಿಪಿಎನ್ ಕೂಡಿ ಪುಟ ತೆರೆಯದಿದ್ದರೆ ಮೊದಲ ಅನುಮಾನ ಎಂಟಿಯು (ಒಂದು ಸಲಕ್ಕೆ ಹೋಗಬಲ್ಲ ಪ್ಯಾಕೆಟ್ಟಿನ ಗರಿಷ್ಠ ಗಾತ್ರ). ಮೊಬೈಲ್ ಜಾಲದ ಐಪಿವಿ6 (ಹೊಸ ಇಂಟರ್ನೆಟ್ ವಿಳಾಸ ಪದ್ಧತಿ) ಹೊದಿಕೆ, ಅದರ ಒಳಗೆ ವಿಪಿಎನ್ ಹೊದಿಕೆ. ದೊಡ್ಡ ಪ್ಯಾಕೆಟ್ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ, ಸಣ್ಣದು ದಾಟುತ್ತದೆ. ಅದಕ್ಕೇ ಲಾಗಿನ್ ಆಗುತ್ತದೆ, ಪುಟ ಬರುವುದಿಲ್ಲ. ವಿಪಿಎನ್ ಎಂಟಿಯು 1280ಕ್ಕೆ ಇಳಿಸಿ. ತೆರೆದರೆ ರೋಗ ಅದೇ. 20-20 ಏರಿಸುತ್ತಾ ಹೋಗಿ, ಕೆಟ್ಟ ಜಾಗದಿಂದ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ. ಕಚೇರಿ ಲ್ಯಾಪ್‌ಟಾಪಿನಲ್ಲಿ ಬದಲಿಸಲು ಬಿಡದಿದ್ದರೆ ರೌಟರಿನ ಮೊಬೈಲ್ ಇಂಟರ್‌ಫೇಸಿನಲ್ಲಿ ಎಂಟಿಯು ಇಳಿಸಿ, ಫೈರ್‌ವಾಲಿನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್ ಚಿಕ್ಕದಾಗಿಯೇ ಇರುವಂತೆ ಮಾಡುವ ಆಯ್ಕೆ) ಆನ್ ಮಾಡಿ. ಎಪಿಎನ್ (ಸಿಮ್ಮಿನ ಇಂಟರ್ನೆಟ್ ಸೆಟ್ಟಿಂಗ್) ವಿಧ ಐಪಿವಿ4ವಿ6 (ಹಳೆಯ, ಹೊಸ ಎರಡೂ ವಿಳಾಸ) ಇರಲಿ.

ಮಾಟುಂಗಾ ಮಾಣಿ:
ಒಂದು ಬಿಟ್ಟುಹೋಗಿತ್ತು. ಬ್ಯಾಂಕಿಗೆ, ಆಧಾರಿಗೆ ಜೋಡಿಸಿದ ಸಿಮ್ಮನ್ನು ರೌಟರಿಗೆ ಹಾಕಬೇಡಿ. ಓಟಿಪಿ ರೌಟರಿನ ಎಸ್‌ಎಂಎಸ್ ಪುಟದಲ್ಲಿ ಕೂತಿರುತ್ತದೆ, ನೀವು ಪೆಟ್ರೋಲ್ ಬಂಕಿನಲ್ಲಿ ಫೋನ್ ಹಿಡಿದು ಕಾಯುತ್ತಿರುತ್ತೀರಿ.